ಜಟ್ಟಪ್ಪನ ಬೇಸಿಗೆಗಳು

ಶಿವಮೊಗ್ಗ ದೊಡ್ಡಪೇಟೆಯ ಜವಳಿ ಅಂಗಡಿ ಷಡಕ್ಷರಪ್ಪನವರಿಗೆ ಈಜು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಯುದ್ಧದ ಆ ವರ್ಷಗಳಲ್ಲಿ ಇಡೀ ಪೇಟೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಗಾದಿಯ ಮೇಲೆ ಕೂತರೆ ಏಳಲು ಕೈ ಆಸರೆ ಬೇಕಾಗುವ ಮೈ ಅವರದು. ಹಬ್ಬದ ದಿನ ಮನೆಮಂದಿಯೆಲ್ಲ ಕೋಟೆಯ ಹಿಂದಿನ ಮೆಟ್ಟಿಲಿಳಿದು ತುಂಗೆಯಲ್ಲಿ ಮುಳುಗೆದ್ದರೆ, ಇವರು ದಡದಲ್ಲಿ ಒಣಬಟ್ಟೆಯ ಗಂಟು ಕಾಯುತ್ತ ನಿಲ್ಲುತ್ತಿದ್ದರು. ಸಾವುಕಾರರಿಗೆ ನೀರೆಂದರೆ ಹೆದರಿಕೆ ಎಂದು ಜನ ತೀರ್ಮಾನಿಸಿದ್ದರು. ಜನ ತೀರ್ಮಾನಿಸುವುದೇ ಹಾಗೆ, ಕಣ್ಣಿಗೆ ಬಿದ್ದಷ್ಟರಲ್ಲಿ.

ಸಾವಿರದ ಒಂಬೈನೂರ ನಲವತ್ತನಾಲ್ಕರ ವೈಶಾಖದಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆಯ ಆಳೊಬ್ಬ ಕಂಟ್ರೋಲ್ ದರದ ಪಂಚೆ ಕೊಳ್ಳಲು ಅಂಗಡಿಗೆ ಬಂದ. ಬಟ್ಟೆ ಮುಟ್ಟಿ ನೋಡುತ್ತ, ಮಾತಿಗೆ ಮಾತು ಬಂದಾಗ, ತಮ್ಮ ಬಿದಿರು ಯಾರ್ಡಿನ ಜಟ್ಟಪ್ಪ ಚಳಿಜ್ವರದಲ್ಲಿ ತೀರಿಕೊಂಡನೆಂದೂ ಮೊನ್ನೆ ತಾನೇ ಬೆಂಕಿ ಕೊಟ್ಟರೆಂದೂ ಹೇಳಿದ. ಷಡಕ್ಷರಪ್ಪನವರು ಪಂಚೆ ಹರಿಯಲು ಕತ್ತರಿಯಿಂದ ಒಂದು ಕಚ್ಚು ಹಾಕಿ ಎರಡು ಕೈಯಲ್ಲಿ ಎಳೆದರು. ಬಟ್ಟೆ ಸೊಟ್ಟಗೆ ಹರಿಯಿತು. ಅಷ್ಟು ವರ್ಷದ ವ್ಯಾಪಾರದಲ್ಲಿ ಅವರು ಸೊಟ್ಟಗೆ ಹರಿದದ್ದು ಅದೊಂದೇ ಸಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಶಾಂತಮ್ಮನಿಗೆ ವಿಷಯ ತಿಳಿಯಿತು. ಷಡಕ್ಷರಪ್ಪನವರು ಅನ್ನ ಕಲಸಿಟ್ಟುಕೊಂಡು ಒಂದೇ ಮಾತು ಹೇಳಿದರು.

“ಅವನು ನನ್ನ ಮೇಲೆ ಸಿಟ್ಟಿಟ್ಕೊಂಡೇ ಹೋದ್ನೇನೋ, ಶಾಂತಾ.”

ಶಾಂತಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. ಅವಳಿಗೆ ಏನು ಗೊತ್ತಿರಲು ಸಾಧ್ಯ? ಗೊತ್ತಿದ್ದವನು ಬೂದಿಯಾಗಿದ್ದ. ಆದರೂ ಆ ಒಂದು ಪ್ರಶ್ನೆಗೆ ಉತ್ತರ ಸಿಗದೆ ಈ ಮನುಷ್ಯ ಇನ್ನು ನೆಮ್ಮದಿಯಾಗಿ ಗಾದಿಯ ಮೇಲೆ ಕೂರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಭದ್ರಾವತಿಗೆ ಹೋಗಿಬನ್ನಿ ಎಂದು ಅವಳೇ ಹೇಳಿದಳು.

ಈ ಜಟ್ಟಪ್ಪ ಯಾರೆಂದು ಹೇಳಬೇಕಾದರೆ ಷಡಕ್ಷರಪ್ಪನವರು ಬರೀ ಷಡಕ್ಷರಿಯಾಗಿದ್ದ ಕಾಲಕ್ಕೆ ಹೋಗಬೇಕು. ಆ ಕಾಲದ ಮಟ್ಟಿಗೆ ನಾವೂ ಅವರನ್ನು ಏಕವಚನದಲ್ಲೇ ಕರೆಯೋಣ. ಅವರೇನೂ ಬೇಸರ ಮಾಡಿಕೊಳ್ಳುವವರಲ್ಲ.

ಜಟ್ಟಪ್ಪ ಗಾಜನೂರಿನ ಒಕ್ಕಲು ಮನೆಯ ಹುಡುಗ. ಅವನ ಅಪ್ಪ ಸಂತೆಗೆ ಗಾಡಿ ಹೂಡಿಕೊಂಡು ಶಿವಮೊಗ್ಗಕ್ಕೆ ಬಂದರೆ ಮಗನೂ ಹಿಂದೆ ಕೂತು ಬರುತ್ತಿದ್ದ. ಅಪ್ಪ ಮಾಲು ಇಳಿಸುವುದರೊಳಗೆ ಮಗ ಹೊಳೆಯಲ್ಲಿ. ಅಲ್ಲಿ ದಿನಾ ಒಬ್ಬ ಬಿಳಿ ಅಂಗಿಯ ಹುಡುಗ ಮೆಟ್ಟಿಲ ಮೇಲೆ ಕೂತು ಈಜುವವರನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಜಟ್ಟಪ್ಪ ಒಂದು ಸಲ ಅವನ ಪಕ್ಕ ಬಂದು ನಿಂತ. ಕೈಯಲ್ಲಿ ಒಣಗಿದ ಸೋರೆಬುರುಡೆ. ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ಬುರುಡೆಯನ್ನು ಹುಡುಗನ ಬೆನ್ನಿಗೆ ಕಟ್ಟಿ ನೀರಿಗೆ ತಳ್ಳಿಬಿಟ್ಟ.

“ಮುಳುಗಿದ್ರೆ ನಾನಿದೀನಿ, ತೇಲಿದ್ರೆ ನೀನೇ ಇದೀಯ ಮಾರಾಯ,” ಎಂದು ದಡದಿಂದ ಕೂಗಿದ.

ಅಲ್ಲಿಂದ ಶುರುವಾಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಷಡಕ್ಷರಿ ತುಂಬಿದ ತುಂಗೆಯನ್ನು ಅಡ್ಡ ಹಾಯುವಷ್ಟು ಕಲಿತ. ಗಾಜನೂರಿನಿಂದ ಹರಿಗೋಲಿನಲ್ಲಿ ಕೂತು, ಸುಳಿಗಳಲ್ಲಿ ಬುಗುರಿಯ ಹಾಗೆ ತಿರುಗುತ್ತ, ತಲೆ ಗಿರ್ರೆಂದು ವಾಂತಿ ಮಾಡಿಕೊಂಡು ಶಿವಮೊಗ್ಗ ತಲುಪಿದ. ರಾಗಿಗುಡ್ಡ ಹತ್ತಿ ಹೆಜ್ಜೇನು ಕೆಣಕಿದ್ದು ಇನ್ನೊಂದು ಕಥೆ. ಹೊಗೆ ಹಾಕುವವನು ಜಟ್ಟಪ್ಪ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಬೇಕಾದವನು ಷಡಕ್ಷರಿ. ಅವನು ಗಾಳಿ ನೋಡುವುದನ್ನು ಬಿಟ್ಟು ಗುಡ್ಡದ ಮೇಲಿಂದ ಹೊಳೆ ಎಷ್ಟು ದೂರ ಕಾಣುತ್ತದೆ ಎಂದು ನೋಡುತ್ತಿದ್ದ. ಹುಳು ಎದ್ದವು. ಜಟ್ಟಪ್ಪ ತನ್ನ ಕಂಬಳಿಯನ್ನು ಗೆಳೆಯನ ಮೇಲೆ ಮುಚ್ಚಿ, ಅವನನ್ನು ಅಕ್ಕಿಮೂಟೆಯ ಹಾಗೆ ಹೊತ್ತುಕೊಂಡು ಇಳಿದ; ಕಡಿತವೆಲ್ಲ ಅವನ ಪಾಲಿಗೆ. ಮನೆಗೆ ಬಂದಾಗ ಷಡಕ್ಷರಿಯ ತಾಯಿ ಕಲ್ಲಮ್ಮನಿಗೆ ಜಟ್ಟಪ್ಪನ ಊದಿದ ಮುಖದಲ್ಲಿ ಕಣ್ಣು ಎಲ್ಲಿದೆಯೆಂದೇ ತಿಳಿಯಲಿಲ್ಲ. ಆಕೆ ನಗು ತಡೆಯಲಾರದೆ ನಕ್ಕು, ಜಗಲಿಯ ಮೇಲೆ ಕೂರಿಸಿಕೊಂಡು, ಸುಣ್ಣ ಹಚ್ಚಿ, ಬಿಸಿ ರೊಟ್ಟಿ ತಿನ್ನಿಸಿದಳು. ಆಗ ಜಟ್ಟಪ್ಪನೆಂದರೆ ಕಲ್ಲಮ್ಮನಿಗೆ ಅಷ್ಟು ಅಕ್ಕರೆ.

ಜಟ್ಟಪ್ಪ ಮೀನು ಹಿಡಿಯುವುದರಲ್ಲಿ ನಿಸ್ಸೀಮ. ಆದರೆ ಲಿಂಗವಂತರ ಹುಡುಗನ ಜೊತೆ ಹೊರಟ ದಿನ ಗಾಳ ಮನೆಯಲ್ಲೇ ಇರುತ್ತಿತ್ತು. ಅದಕ್ಕೆ ಬದಲು ಮಡಿಲಲ್ಲಿ ಗೆಣಸು. ಹೊಳೆದಂಡೆಯ ಮರಳಲ್ಲಿ ಬೆಂಕಿ ಮಾಡಿ, ಬೂದಿಯಲ್ಲಿ ಗೆಣಸು ಹುಗಿದು, ಉಪ್ಪು ಹಸಿಮೆಣಸಿನ ಜೊತೆ ಇಬ್ಬರೂ ತಿನ್ನುತ್ತಿದ್ದರು. ಯಾಕೆ ಹೀಗೆ ಎಂದು ಷಡಕ್ಷರಿ ಯಾವತ್ತೂ ಕೇಳಲಿಲ್ಲ, ಅವನೂ ಯಾವತ್ತೂ ಹೇಳಲಿಲ್ಲ.

ಅಪ್ಪ ಸತ್ತ ಮೇಲೆ ಜಟ್ಟಪ್ಪ ಭದ್ರಾವತಿ ಸೇರಿದ. ಆಗ ಅಲ್ಲಿ ಕಬ್ಬಿಣದ ಕಾರ್ಖಾನೆ ಹೊಸದು. ಕಾಡಿನಿಂದ ಸೌದೆ ತರುವ ಗ್ಯಾಂಗಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಬೇಕಾದಾಗ ಭದ್ರೆಯಲ್ಲಿ ಬಿದಿರಿನ ತೆಪ್ಪ ಇಳಿಸುವವರ ಜೊತೆಗೂ ಹೋಗುತ್ತಿದ್ದ. ಮದುವೆಯೂ ಆಯಿತು, ಹೆಂಡತಿಯ ಹೆಸರು ದ್ಯಾಮಮ್ಮ. ಷಡಕ್ಷರಿಗೂ ಮದುವೆಯಾಗಿ, ಅಪ್ಪನ ನಂತರ ಅಂಗಡಿ ಕೈಗೆ ಬಂತು. ಆದರೂ ಬಿಡುವು ಸಿಕ್ಕಿದರೆ ಸಾಕು, ಇಬ್ಬರಲ್ಲಿ ಒಬ್ಬ ರೈಲು ಹತ್ತುತ್ತಿದ್ದ. ಒಬ್ಬನದು ತುಂಗೆ, ಇನ್ನೊಬ್ಬನದು ಭದ್ರೆ. ಎರಡೂ ಹೋಗಿ ಸೇರುವುದು ಕೂಡಲಿಯಲ್ಲಿ. ಹೀಗಿರುವಾಗ ಯಾರ ಹೊಳೆ ಮೊದಲು ಕೂಡಲಿ ಮುಟ್ಟಿಸುತ್ತದೆ ಎಂಬ ಪಂದ್ಯ ಹುಟ್ಟದೆ ಇರುವುದಾದರೂ ಹೇಗೆ?

ಮೂವತ್ತೊಂದರ ಕಾರ್ತಿಕದಲ್ಲಿ ಪಂದ್ಯ ನಡೆದೇಹೋಯಿತು. ಹೊತ್ತು ಮೂಡುವಾಗ ಜಟ್ಟಪ್ಪ ಭದ್ರಾವತಿಯಿಂದ ತೆಪ್ಪದಲ್ಲಿ, ಷಡಕ್ಷರಿ ಶಿವಮೊಗ್ಗದಿಂದ ಹರಿಗೋಲಿನಲ್ಲಿ ಹೊರಟರು. ಹರಿಗೋಲನ್ನು ಒಬ್ಬನೇ ನೆಟ್ಟಗೆ ನಡೆಸುವುದು ಹೇಳಿದಷ್ಟು ಸುಲಭವಲ್ಲ. ಷಡಕ್ಷರಿ ಊರೂರಿಗೂ ಮುಖ ತೋರಿಸಿ, ಬೆನ್ನು ತೋರಿಸಿ, ಬಟ್ಟೆ ಒಗೆಯುವ ಹೆಂಗಸರನ್ನೆಲ್ಲ ನಗಿಸಿಕೊಂಡು ಕೂಡಲಿ ತಲುಪಿದಾಗ ಜಟ್ಟಪ್ಪ ಆಗಲೇ ಮರಳಲ್ಲಿ ಗೆಣಸು ಸುಡುತ್ತ ಕೂತಿದ್ದ. ನಿಮ್ಮ ತುಂಗೆ ದಾರೀಲಿ ಸಂತೆ ಮಾಡ್ಕೊಂಡು ಬಂತೇನೋ ಎಂದು ಕೇಳಿದ. ಇಬ್ಬರೂ ಹೊಟ್ಟೆ ತುಂಬ ತಿಂದರು. ಆಮೇಲೆ ಎರಡು ನೀರು ಸೇರುವ ಜಾಗವನ್ನು ಅಡ್ಡ ಈಜಬೇಕೆಂದಾಯಿತು.

ಷಡಕ್ಷರಿಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಟ್ಟಿದ ಎಂಟನೆಯ ದಿನ ಮಠದ ಹಿರಿಯ ಅಯ್ಯನವರು ಕಟ್ಟಿದ್ದು. ಈಜುವಾಗ ಅದು ಗಲ್ಲಕ್ಕೆ ಬಡಿಯುತ್ತದೆಂದು ಅದನ್ನು ಕಟ್ಟಿದ ಶಿವದಾರವನ್ನು ತೋಳಿಗೆ ಸುತ್ತಿಕೊಳ್ಳುವುದು ಅವನ ರೂಢಿ. ಅವತ್ತು ಒಂದೇ ಕೈಯಲ್ಲಿ ಗಂಟು ಕೂರದೆ ಒದ್ದಾಡುವುದನ್ನು ನೋಡಿ ಜಟ್ಟಪ್ಪ ದಾರದ ಎರಡು ತುದಿ ಮಾತ್ರ ಹಿಡಿದು, ಕರಡಿಗೆ ಮುಟ್ಟದ ಹಾಗೆ, ತಾನೇ ಗಂಟು ಹಾಕಿದ.

“ತೆಪ್ಪ ಕಟ್ಟೋರ ಗಂಟು ಮಾರಾಯ. ನೀರು ಕುಡಿದಷ್ಟೂ ಬಿಗಿಯಾಗುತ್ತೆ. ಬಿಚ್ಚಬೇಕಂದ್ರೆ ಕುಡುಗೋಲೇ ಬೇಕು,” ಎಂದ.

ಅವನು ಹೇಳಿದ್ದು ಸುಳ್ಳಲ್ಲ, ನಾರಿನ ಹಗ್ಗಕ್ಕಾದರೆ. ಷಡಕ್ಷರಿಯ ಶಿವದಾರ ರೇಷ್ಮೆಯದು. ಜವಳಿ ಅಂಗಡಿಯ ಮಗ, ದೀಪಾವಳಿಗೆಂದು ಹೊಸದಾಗಿ ಮಾಡಿಸಿಕೊಂಡಿದ್ದ. ರೇಷ್ಮೆ ಜಾರುತ್ತದೆ ಎಂಬುದು ಅವನಿಗೆ ಮಾತು ಬರುವ ಮೊದಲೇ ಗೊತ್ತು. ರೇಷ್ಮೆಯ ಥಾನುಗಳನ್ನು ಒಂದರ ಮೇಲೊಂದು ಪೇರಿಸಬೇಡ ಎಂದು ಅಪ್ಪನಿಂದ ಎಷ್ಟು ಸಲ ಬೈಸಿಕೊಂಡಿದ್ದನೋ. ಒಬ್ಬನಿಗೆ ದಾರ ಗೊತ್ತಿತ್ತು, ಇನ್ನೊಬ್ಬನಿಗೆ ಗಂಟು ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸುವ ಬುದ್ಧಿ ಆ ಹೊತ್ತಿನಲ್ಲಿ ಇಬ್ಬರಿಗೂ ಬರಲಿಲ್ಲ. ಆಚೆ ದಡದಲ್ಲಿ ಎದ್ದು ನಿಂತಾಗ ಷಡಕ್ಷರಿಯ ತೋಳು ಬರಿದಾಗಿತ್ತು.

ಲಿಂಗ ಕಳೆದುಕೊಂಡವನು ಹನಿ ನೀರೂ ಮುಟ್ಟಬಾರದು. ಪ್ರಾಣ ಹೋಗಲಿ, ಲಿಂಗವಿಲ್ಲದೆ ಗಂಟಲಲ್ಲಿ ಏನೂ ಇಳಿಯಬಾರದು. ಹೀಗೆಂದು ಕೇಳಿಕೊಂಡೇ ಬೆಳೆದವನು ಷಡಕ್ಷರಿ. ಅವನು ಬಂಡೆಯ ಮೇಲೆ ಕೂತುಬಿಟ್ಟ. ಜಟ್ಟಪ್ಪ ಮುಳುಗಿದ, ಎದ್ದ, ಮುಳುಗಿದ. ಹೊತ್ತು ಇಳಿಯುವವರೆಗೆ ಮುಳುಗಿದ. ಬೆಳಗಾದ ಮೇಲೆ ಮತ್ತೆ ಮುಳುಗಿದ. ಕಣ್ಣು ಕೆಂಡವಾಗಿ, ತುಟಿ ಬೆಳ್ಳಗಾಗಿತ್ತು. ಷಡಕ್ಷರಿ ನೀರು ಕುಡಿಯಲಿಲ್ಲವೆಂದು ಅವನೂ ಕುಡಿಯಲಿಲ್ಲ. ಇಷ್ಟು ನೀರಿನ ನಡುವೆ ಇದ್ದು ಬಾಯಾರಿ ಸಾಯುವವರು ನಾವಿಬ್ಬರೇ ಇರಬೇಕು ಎಂದು ಒಮ್ಮೆ ನಗಲು ನೋಡಿದ. ನಗು ಬರಲಿಲ್ಲ. ಕೊನೆಗೆ ಶಿವಮೊಗ್ಗಕ್ಕೆ ಓಡುತ್ತ ನಡೆಯುತ್ತ ಹೋಗಿ, ಮಠದ ಅಯ್ಯನವರನ್ನು ಗಾಡಿಯಲ್ಲಿ ಕರೆತಂದವನೂ ಅವನೇ.

ಅಯ್ಯನವರು ತಿಳಿದವರು. ಗದರಲಿಲ್ಲ, ಶಾಸ್ತ್ರ ಓದಿ ಹೆದರಿಸಲಿಲ್ಲ. ಸಂಗಮದಲ್ಲೇ ಷಡಕ್ಷರಿಗೆ ಸ್ನಾನ ಮಾಡಿಸಿ ಬೇರೆ ಲಿಂಗ ಕಟ್ಟಿ, ಪಾದೋದಕ ಕೊಟ್ಟು ಜೀವ ಉಳಿಸಿದರು. ಹಳೆಯದು ಎಂದಾದರೂ ಸಿಕ್ಕರೆ ನನ್ನ ಕೈಗೆ ತಂದುಕೊಡಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದು ಇಬ್ಬರಿಗೂ ಹೇಳಿದರು.

ಕಲ್ಲಮ್ಮ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಲಿಂಗವಂತರಲ್ಲಿ ಸತ್ತವರನ್ನು ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಮಗ ಹುಟ್ಟಿದಾಗ ಗಂಡ ಕೈ ಜೋಡಿಸಿ ನಿಂತು ಕಟ್ಟಿಸಿದ ಲಿಂಗ, ಮಗನ ಜೊತೆ ಮಣ್ಣಿಗೆ ಹೋಗಬೇಕಾದದ್ದು, ಹೊಳೆ ಪಾಲಾಯಿತಲ್ಲ ಎಂದು ಆಕೆ ಕೂಗಾಡದೆ ಅತ್ತಳು. ಅದೂ ಬೇರೆಯವನು ಹಾಕಿದ ಗಂಟಿನಿಂದ. ಜಟ್ಟಪ್ಪ ಕ್ಷಮೆ ಕೇಳಲು ಬಂದ ದಿನ ಆಕೆ ಬಾಗಿಲಲ್ಲಿ ನಿಂತು, ಇನ್ನು ನಮ್ಮ ಮನೆಯ ಮೆಟ್ಟಿಲು ಹತ್ತಬೇಡಪ್ಪ ಎಂದಳು. ಅವನು ಮೊದಲ ಮೆಟ್ಟಿಲಿಂದ ಕಾಲು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಆಕೆ ಊಟ ಬಿಟ್ಟಳು. ಮಗ ಕೈಯ ಮೇಲೆ ಕೈ ಇಟ್ಟು ಆಣೆ ಮಾಡುವವರೆಗೂ ಮುಟ್ಟಲಿಲ್ಲ. ತಾಯಿ ಬದುಕಿರುವವರೆಗೆ ಷಡಕ್ಷರಿ ಹೊಳೆಗೆ ಇಳಿಯಕೂಡದು, ಜಟ್ಟಪ್ಪನನ್ನು ಸೇರಕೂಡದು. ಇದೇ ಆಣೆ.

ಷಡಕ್ಷರಿ ಆಣೆ ಮಾಡಿದ. ಕೆಟ್ಟವನೆಂದು ನಾನು ಹೇಳಲಾರೆ. ಹಸಿದು ಮಲಗಿದ ತಾಯಿಯ ಮುಂದೆ ಇನ್ನೇನು ಮಾಡಬೇಕಿತ್ತು? ಆದರೆ ಒಂದು ಮಾತು ಹೇಳಿ ಕಳಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ಇವತ್ತು ನಾಳೆ ಎನ್ನುವುದರಲ್ಲಿ ಹೊಟ್ಟೆ ಬಂತು, ಕನ್ನಡಕ ಬಂತು, ಹೆಸರಿನ ಮುಂದೆ ‘ನವರು’ ಬಂತು.

ನಡುವೆ ಒಮ್ಮೆ ಜಟ್ಟಪ್ಪ ಅಂಗಡಿಗೆ ಬಂದಿದ್ದ. ಆಗ ಅವನು ಕಬ್ಬಿಣದ ಕಾರ್ಖಾನೆ ಬಿಟ್ಟು ಕಾಗದದ ಕಾರ್ಖಾನೆಯ ಬಿದಿರು ಯಾರ್ಡು ಸೇರಿದ್ದ. ಒಳಮನೆಯ ಬಾಗಿಲಲ್ಲಿ ಕಲ್ಲಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಅಂಗಡಿ ಬೀದಿಗಿತ್ತು, ಅದಕ್ಕೆ ಮೆಟ್ಟಿಲಿರಲಿಲ್ಲ. ಜಟ್ಟಪ್ಪ ಕೆಂಪಂಚಿನ ಒಂದು ಟವೆಲು ಎತ್ತಿಕೊಂಡು, ಇದು ನೀರಿಗೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದ. ಬಿಡುವುದಿಲ್ಲ ಎಂದರು ಷಡಕ್ಷರಪ್ಪನವರು. ಎಷ್ಟು ಹೊತ್ತು ನೀರಿನಲ್ಲಿದ್ದರೂ ಬಿಡುವುದಿಲ್ಲವೇ ಎಂದು ಕೇಳಿದ. ಇಲ್ಲ ಎಂದರು. ಅವನು ದುಡ್ಡಿಟ್ಟು, ಗುರುತಿಲ್ಲದ ಗಿರಾಕಿಯ ಹಾಗೆ ಟವೆಲು ಹೆಗಲ ಮೇಲೆ ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ. ಅವತ್ತಿನಿಂದ ಷಡಕ್ಷರಪ್ಪನವರಿಗೆ ಖಾತ್ರಿಯಾಯಿತು, ಇವನಿಗೆ ತನ್ನ ಮೇಲೆ ಆರದ ಸಿಟ್ಟಿದೆ.

ಕಲ್ಲಮ್ಮ ಹಿಂದಿನ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಆಣೆ ಅಲ್ಲಿಗೆ ಮುಗಿದಿತ್ತು. ದೀಪಾವಳಿ ಕಳೆಯಲಿ, ಹೋಗುತ್ತೇನೆ ಎಂದುಕೊಂಡರು ಷಡಕ್ಷರಪ್ಪನವರು. ಸಂಕ್ರಾಂತಿ ಕಳೆಯಲಿ ಎಂದುಕೊಂಡರು. ಕಂಟ್ರೋಲಿನ ಬಟ್ಟೆ, ಅಂಗಡಿಯ ಮುಂದಿನ ಸಾಲು, ಒಂದಲ್ಲ ಒಂದು ನೆವ. ನಿಜ ಹೇಳಬೇಕೆಂದರೆ ಮುಖ ತೋರಿಸಲು ನಾಚಿಕೆ.

ಹೀಗೆ ತಡಮಾಡಿ ತಡಮಾಡಿ ಅವರು ಭದ್ರಾವತಿಯ ರೈಲು ಹತ್ತಿದ್ದು ಗೆಳೆಯ ಸತ್ತ ಮೇಲೆ.

ಕಾರ್ಖಾನೆಯ ಆಳುಗಳಿರುವ ಕಾಗದನಗರದ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ಒಂದು ಬಾಗಿಲಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು. ದಾರಿ ಕೇಳಿದರೆ ಎಲ್ಲರಿಗೂ ಜಟ್ಟಪ್ಪ ಗೊತ್ತು. ದ್ಯಾಮಮ್ಮ ಹೊಸಿಲ ಹತ್ತಿರ ಕೂತಿದ್ದಳು. ಮಕ್ಕಳಿಲ್ಲದ ಮನೆ. ಗಾಜನೂರಿನ ದಾಯಾದಿಗಳು ಬಂದು ಬೆಂಕಿ ಕೊಟ್ಟು, ಹನ್ನೊಂದನೆಯ ದಿನಕ್ಕೆ ಬರುತ್ತೇವೆಂದು ಹೊರಟುಹೋಗಿದ್ದರು. ಹಿತ್ತಲ ನುಗ್ಗೆಮರದ ಕೊಂಬೆಗೆ ಅಸ್ಥಿಯ ಮಡಕೆಯನ್ನು ಬಟ್ಟೆ ಕಟ್ಟಿ ತೂಗುಹಾಕಿದ್ದರು. ಷಡಕ್ಷರಪ್ಪನವರು ಹೆಸರು ಹೇಳುತ್ತಿದ್ದಂತೆಯೇ ಅವಳು ಎದ್ದು ನಿಂತು ಸೆರಗು ಹೊದ್ದಳು.

“ಸಾವ್ಕಾರ್ರೆ, ನಿಮ್ಮ ಸುದ್ದಿ ಹೇಳದೆ ಅವರು ಒಂದು ಹಬ್ಬದೂಟ ಉಂಡೋರಲ್ಲ,” ಎಂದಳು.

ಷಡಕ್ಷರಪ್ಪನವರು ಚಾಪೆಯ ಮೇಲೆ ಕೂತರು. ಸಿಟ್ಟಿನಿಂದ ಹೇಳುತ್ತಿದ್ದನೋ ಪ್ರೀತಿಯಿಂದಲೋ ಎಂದು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಗಂಡ ಸತ್ತು ನಾಲ್ಕು ದಿನವಾಗದ ಹೆಂಗಸನ್ನು ಹಾಗೆ ಕೇಳುವುದು ಹೇಗೆ? ಅವಳೇ ಮಾತು ಮುಂದುವರಿಸಿದಳು. ಹನ್ನೊಂದನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಈ ಮನುಷ್ಯ ಬಡಿಸಿದ್ದನ್ನು ತಿಂದು ಕೈ ತೊಳೆದವನೇ ಹೊರತು ಇದು ಬೇಕು, ಅದು ಬೇಡ ಎಂದವನಲ್ಲ. ಅವನಿಗೆ ಏನು ಇಷ್ಟವೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದಳು. ಸುಟ್ಟ ಗೆಣಸು, ಜೊತೆಗೆ ಉಪ್ಪು ಮೆಣಸಿನಕಾಯಿ ಎಂದರು ಷಡಕ್ಷರಪ್ಪನವರು. ಮೀನಲ್ಲವೇ ಎಂದು ಅವಳು ಆಶ್ಚರ್ಯಪಟ್ಟಳು. ಆಮೇಲೆ ದನಿ ತಗ್ಗಿಸಿ, ಬಹಳ ದಿನದಿಂದ ಯಾರ ಹತ್ತಿರವೂ ಆಡದೆ ಇಟ್ಟುಕೊಂಡದ್ದನ್ನು ಹೊರಗೆ ಹಾಕಿದಳು.

ಪ್ರತಿ ಬೇಸಿಗೆಯಲ್ಲೂ, ಹೊಳೆ ಇಳಿಯುತ್ತಿದ್ದಂತೆ, ರಜ ಸಿಕ್ಕ ದಿನವೆಲ್ಲ ಜಟ್ಟಪ್ಪ ಕೂಡಲಿಗೆ ಹೋಗುತ್ತಿದ್ದ. ಮೀನಿಗೆ ಹೋಗಿದ್ದೆ ಎನ್ನುತ್ತಿದ್ದ. ಆದರೆ ಇಷ್ಟು ವರ್ಷದಲ್ಲಿ ಒಂದು ಮೀನೂ ಮನೆಗೆ ಬರಲಿಲ್ಲ. ಅವನಂಥ ಮೀನುಗಾರ ಬರಿಗೈಯಲ್ಲಿ ಬರುವುದೆಂದರೆ ಯಾರು ನಂಬುತ್ತಾರೆ? ಕೂಡಲಿಯಲ್ಲಿ ಅವನಿಗೆ ಇನ್ನೊಂದು ಮನೆಯಿದೆ ಎಂದು ಅವಳು ಒಳಗೊಳಗೇ ನಿಶ್ಚಯಿಸಿಕೊಂಡಿದ್ದಳು. ಕೇಳಲಿಲ್ಲ. ಕೇಳಿ, ಹೌದೆಂದರೆ ಏನು ಮಾಡುವುದು? ಈಗ ಅಸ್ಥಿ ಬಿಡಲು ಅಲ್ಲಿಗೇ ಹೋಗಬೇಕು. ಆ ಹೆಂಗಸು ಎದುರಾದರೆ ಎಂದು ಅವಳ ಕಾಲು ಹಿಂದೇಟು ಹಾಕುತ್ತಿತ್ತು.

ಷಡಕ್ಷರಪ್ಪನವರಿಗೂ ಏನೂ ಹೊಳೆಯಲಿಲ್ಲ. ಕೂಡಲಿ ಎಂಬ ಹೆಸರು ಕೇಳಿ ಕೈ ಕೊರಳ ಕರಡಿಗೆಯತ್ತ ಹೋಯಿತು, ಅಷ್ಟೆ. ನಾನು ಜೊತೆಗೆ ಬರುತ್ತೇನೆ ನಡೆಯಿರಮ್ಮ ಎಂದರು.

ಮಾರನೆಯ ಬೆಳಿಗ್ಗೆ ಇದ್ದಿಲು ಬಸ್ಸಿನಲ್ಲಿ ಹೊಳೆಹೊನ್ನೂರಿಗೆ ಹೋದರು. ಪೆಟ್ರೋಲಿಲ್ಲದ ಕಾಲ, ಬಸ್ಸು ಹಿಂದೆ ಒಂದು ಒಲೆ ಹೊತ್ತುಕೊಂಡು, ಏರು ಬಂದಲ್ಲೆಲ್ಲ ಜನರನ್ನು ಇಳಿಸಿ ಉಸಿರು ಎಳೆದುಕೊಳ್ಳುತ್ತಿತ್ತು. ಅಲ್ಲಿಂದ ಕೂಡಲಿಗೆ ಗಾಡಿ. ದ್ಯಾಮಮ್ಮ ಮಡಕೆಯನ್ನು ದಾರಿಯುದ್ದಕ್ಕೂ ಮಡಿಲಲ್ಲಿ ಹಿಡಿದುಕೊಂಡಿದ್ದಳು.

ಸಂಗಮದಲ್ಲಿ ನೀರು ಇಳಿದಿತ್ತು. ಎರಡು ಹೊಳೆಗಳೂ ಬಂಡೆಗಳ ನಡುವೆ ಸಣ್ಣಗೆ ಹರಿದು ಬಂದು ಸದ್ದಿಲ್ಲದೆ ಸೇರುತ್ತಿದ್ದವು. ದೋಣಿ ದಾಟಿಸುವ ನಾಗಯ್ಯನೆಂಬ ಮುದುಕ ದಡದ ನೆರಳಲ್ಲಿ ಕೂತು ಹುಟ್ಟು ಕೆತ್ತುತ್ತಿದ್ದ. ಯಾರದು ಅಸ್ಥಿ ಎಂದು ಕೇಳಿದ. ಭದ್ರಾವತಿಯ ಜಟ್ಟಪ್ಪನದು ಎಂದಾಗ ಅವನ ಕೈಯ ಉಳಿ ನಿಂತಿತು.

“ಕಲ್ಲು ಮಗುಚೋ ಜಟ್ಟಣ್ಣನಾ?” ಎಂದ.

ಅವನು ಎದ್ದು, ಅವರನ್ನು ಹೊಳೆಯ ಒಳಕ್ಕೆ ಸ್ವಲ್ಪ ದೂರ ಕರೆದುಕೊಂಡು ಹೋಗಿ ತೋರಿಸಿದ. ಎರಡು ದೊಡ್ಡ ಬಂಡೆಗಳ ನಡುವೆ ಮೊಣಕಾಲುದ್ದ ನೀರು. ಅಲ್ಲಿ ಹೊಳೆಯ ತಳದಲ್ಲಿದ್ದ ಕಲ್ಲುಗಳನ್ನು ಯಾರೋ ಒಂದೊಂದಾಗಿ ಎತ್ತಿ, ಪಕ್ಕಕ್ಕೆ ಗೋಡೆ ಕಟ್ಟುವವರ ಹಾಗೆ ಸಾಲಾಗಿ ಪೇರಿಸಿದ್ದರು. ಸಾಲು ಅರ್ಧ ಹೊಳೆಯವರೆಗೆ ಹೋಗಿ ನಿಂತಿತ್ತು. ಅದರಾಚೆ ಕಲ್ಲುಗಳು ಇದ್ದಲ್ಲೇ ಇದ್ದವು.

ಪ್ರತಿ ಬೇಸಿಗೆಯಲ್ಲೂ ಬರುತ್ತಿದ್ದನಂತೆ. ಕೆಂಪಂಚಿನ ಟವೆಲು ತಲೆಗೆ ಸುತ್ತಿಕೊಂಡು, ಒಂದು ಕಲ್ಲು ಎತ್ತಿ, ಕೆಳಗಿನ ಮರಳನ್ನು ಬೆರಳಲ್ಲಿ ಜಾಲಿಸಿ ನೋಡಿ, ನೋಡಿದ ಕಲ್ಲನ್ನು ಸಾಲಿಗೆ ಇಡುತ್ತಿದ್ದನಂತೆ. ಮಳೆಗಾಲದ ಹೊಳೆ ಬಂದು ಸಾಲನ್ನೆಲ್ಲ ಬಳಿದುಕೊಂಡು ಹೋಗಿ ಬೇರೆ ಕಲ್ಲು ತಂದು ಹಾಕುತ್ತಿತ್ತು. ಮುಂದಿನ ಬೇಸಿಗೆಗೆ ಮತ್ತೆ ಮೊದಲಿನಿಂದ. ಈ ವರ್ಷವೂ ಯುಗಾದಿಯಾದ ಮೇಲೆ ಬಂದಿದ್ದ. ಇದೇನು ಹುಚ್ಚು, ಸಾಕು ಬಿಡು ಎಂದು ನಾಗಯ್ಯ ಎಷ್ಟೋ ಸಲ ಹೇಳಿದ್ದನಂತೆ.

“ಬಿಡಕ್ಕಾಗಲ್ಲ ನಾಗಣ್ಣ ಅಂದ. ಶಿವಮೊಗ್ಗದಲ್ಲಿ ಒಂದು ಮನೆಗೆ ಹೋಗ್ಬೇಕು, ಬರಿಗೈಲಿ ಹೋಗೋ ಹಂಗಿಲ್ಲ ಅಂದ.”

ಷಡಕ್ಷರಪ್ಪನವರು ಅಲ್ಲೇ ನೀರಿನಲ್ಲಿ ಕೂತುಬಿಟ್ಟರು. ಪಂಚೆ, ಅಂಗಿ, ಹೊಟ್ಟೆ ಎಲ್ಲ ನೆನೆಯಿತು. ಸಿಟ್ಟು ಎಲ್ಲಿತ್ತು? ಇಷ್ಟು ವರ್ಷ ತಾವು ದಡದಲ್ಲಿ ಒಣಬಟ್ಟೆ ಕಾಯುತ್ತ ನಿಂತಿದ್ದಾಗ ಇವನು ಇಲ್ಲಿ ಬೆನ್ನು ಬಗ್ಗಿಸಿ ನಿಂತಿದ್ದ. ತಾಯಿ ಹೋದ ಸುದ್ದಿಯನ್ನು ಶ್ರಾವಣದಲ್ಲೇ ಯಾರ ಕೈಯಲ್ಲಾದರೂ ಹೇಳಿ ಕಳಿಸಿದ್ದರೆ ಸಾಕಿತ್ತು, ಬರಿಗೈಯಲ್ಲೇ ಬಾರೋ ಎಂದಿದ್ದರೆ ಸಾಕಿತ್ತು. ಅವರು ಕನ್ನಡಕ ತೆಗೆದು ಮಕ್ಕಳ ಹಾಗೆ ಅತ್ತರು. ಅಳು ನಿಂತ ಮೇಲೆ ದ್ಯಾಮಮ್ಮನಿಗೆ ಎಲ್ಲವನ್ನೂ ಹೇಳಿದರು: ಪಂದ್ಯ, ರೇಷ್ಮೆಯ ದಾರ, ಗಂಟು, ತಾಯಿಯ ಆಣೆ.

ದ್ಯಾಮಮ್ಮ ಕೇಳುತ್ತ ಕೇಳುತ್ತ ಕಲ್ಲಿನ ಸಾಲಿನ ಮೇಲೆ ಕೈಯಾಡಿಸುತ್ತಿದ್ದಳು.

“ನಾನು ಇಲ್ಲಿ ಯಾವಳೋ ಇದಾಳೆ ಅಂದ್ಕೊಂಡು ಆ ಮನುಷ್ಯನಿಗೆ ಎಷ್ಟು ಸಲ ತಣ್ಣಗಿನ ಅನ್ನ ಹಾಕಿದೀನಿ,” ಎಂದಳು.

ಹುಡುಕದೆ ಉಳಿದ ಜಾಗವನ್ನು ಈಗ ನಾವಾದರೂ ಹುಡುಕಬಹುದಲ್ಲ, ನಾಳೆ ಒಂದಿಬ್ಬರು ಆಳು ಕರೆಸಲೇ ಎಂದು ನಾಗಯ್ಯ ಕೇಳಿದ. ಷಡಕ್ಷರಪ್ಪನವರು ತಲೆಯಾಡಿಸಿದರು.

“ಬೇಡ ನಾಗಯ್ಯ. ನನ್ನ ಲಿಂಗ ಇರೋ ನೀರಲ್ಲೇ ಅವನೂ ಇರ್ಲಿ.”

ಸ್ನಾನಘಟ್ಟಕ್ಕೆ ಹೋಗದೆ ಅಲ್ಲೇ, ಸಾಲು ನಿಂತ ಜಾಗದಲ್ಲಿ, ದ್ಯಾಮಮ್ಮ ಮಡಕೆ ಬಗ್ಗಿಸಿದಳು. ಷಡಕ್ಷರಪ್ಪನವರು ಮಡಕೆಯ ತಳ ಹಿಡಿದರು. ಬೂದಿ ನೀರಿನ ಮೇಲೆ ಒಂದು ಗಳಿಗೆ ತಿರುಗಿ ಕಲ್ಲುಗಳ ಸಂದಿಯಲ್ಲಿ ಇಳಿದು ಹೋಯಿತು.

ವಾಪಸು ಬರುವಾಗ ಶಿವಮೊಗ್ಗದ ದಾರಿ ಹಿಡಿದರು, ಭದ್ರಾವತಿಗೆ ಅಲ್ಲಿಂದ ಸಂಜೆಯ ರೈಲಿತ್ತು. ರೈಲಿಗೆ ಇನ್ನೂ ಹೊತ್ತಿದೆ, ಸ್ಟೇಷನ್ನಿನಲ್ಲೇ ಕೂತಿರುತ್ತೇನೆ ಎಂದಳು ದ್ಯಾಮಮ್ಮ. ಸೂತಕದವಳು, ಹನ್ನೊಂದು ಕಳೆಯುವವರೆಗೆ ಯಾರ ಮನೆಗೂ ಹೋಗುವಂತಿರಲಿಲ್ಲ. ಷಡಕ್ಷರಪ್ಪನವರು ಗಾಡಿಯವನಿಗೆ ದೊಡ್ಡಪೇಟೆಗೆ ಹೊಡೆಯಲು ಹೇಳಿದರು. ಮನೆಯ ಮುಂದೆ ಗಾಡಿ ನಿಂತಾಗ ಶಾಂತಮ್ಮ ಬಾಗಿಲಿಗೆ ಬಂದಳು. ನೆನೆದು ಒಣಗಿದ ಪಂಚೆಯ ಗಂಡನನ್ನೂ, ಹಿಂದೆ ಬರಿ ಹಣೆಯ ಹೆಂಗಸನ್ನೂ ನೋಡಿ ಅವಳಿಗೆ ಹೇಳದೆಯೇ ಅರ್ಥವಾಯಿತು. ಒಳಗೆ ಹೋಗಿ ಒಂದು ಚೊಂಬು ನೀರು ತಂದಳು.

ದ್ಯಾಮಮ್ಮ ಬೀದಿಯಲ್ಲೇ ನಿಂತಿದ್ದಳು. ಮೈಲಿಗೆಯಾಗುತ್ತದೆ, ಬೇಡ ಎಂದಳು.

“ಲಿಂಗ ಕಟ್ಟಿದ ಮನೇಲಿ ಸೂತಕ ಇಲ್ಲಮ್ಮ,” ಎಂದರು ಷಡಕ್ಷರಪ್ಪನವರು. “ನೀವು ಹತ್ತಿ. ಜಟ್ಟ ಹತ್ತಿದ ಹಾಗೇ ಅಂದ್ಕೋತೀನಿ.”

ಅವಳು ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು, ಮೆಟ್ಟಿಲು ಹತ್ತಿ ಒಳಗೆ ಬಂದಳು.